ತೊಳೆಯದೆ ಕಳಿಸಿದ ಕೋಟು

ಜನವರಿ ೯

ಅಕ್ಕಾ,

ನೀರಿಗೆ ಹಾಕುವ ಮುಂಚೆ ಜೇಬು ನೋಡುವವಳು ನೀನು. ಅದಕ್ಕೇ ಈ ಕಾಗದವನ್ನು ಕೋಟಿನ ಒಳಜೇಬಿನಲ್ಲಿ ಇಟ್ಟಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ, "ನಿನ್ನ ಗಂಟಲನ್ನ ನಾನು ನಂಬಲ್ಲ ಕಣೋ, ಬರೆದು ಕಳಿಸು" ಅನ್ನುತ್ತೀಯ. ಊರಿಗೆಲ್ಲ ಮುರುಕು ಕುರ್ಚಿಯನ್ನು ಸಿಂಹಾಸನವೆಂದು ಮಾರುವ ನನಗೆ, ಒಡಹುಟ್ಟಿದವಳಿಗೆ ನನ್ನ ಕ್ಷೇಮಸಮಾಚಾರ ಮಾರಲು ಆಗುವುದಿಲ್ಲ ನೋಡು!

ಹರಾಜು ಮನೆಗೆ ಈಗ ಸುಗ್ಗಿ. ದೊಡ್ಡ ಮನೆಯವರು ಹಳೆಯ ಸಾಮಾನು ಕಳಚಿಕೊಳ್ಳುವ ಕಾಲ. ಬೆಳಗ್ಗೆ ಒಂದು ಹರಾಜು, ಸಂಜೆ ಒಂದು. ಮೊನ್ನೆ ಮೂರೇ ಕಾಲು ಉಳಿದಿದ್ದ ಮೇಜೊಂದನ್ನು, "ನಾಲ್ಕನೇ ಕಾಲು ಯಾಕೆ ಸ್ವಾಮಿ, ನಿಮ್ಮ ಮನೇಲಿ ಗೋಡೆ ಇಲ್ವಾ?" ಎಂದು ಕೂಗಿ ಕೊಟ್ಟೆ. ಸಭೆ ಬಿದ್ದು ಬಿದ್ದು ನಕ್ಕಿತು. ಯಜಮಾನರು ಭುಜ ತಟ್ಟಿ, "ನೀನಿಲ್ದಿದ್ರೆ ಇದು ಬರೀ ಗೋದಾಮು ಕಣಯ್ಯ" ಎಂದರು.

ಕೋಟು ಬೇಗ ಬೇಕು. ಈ ಕೆನೆಬಣ್ಣದ ಕೋಟು ಕಂಡರೇ ಅರ್ಧ ಗಿರಾಕಿಗಳ ಕೈ ತಾನಾಗಿ ಮೇಲೇಳುತ್ತದೆ. ಎಡತೋಳಿನ ಅಂಚಿನಲ್ಲಿ ಚೂರು ಕೆಂಪಗಿದೆ. ಶಾಯಿ. ಭಾವನಿಗೆ ನಮಸ್ಕಾರ.

ನಿನ್ನ ಡಂಗುರ

*

ಜನವರಿ ೨೧

ಡಂಗುರಪ್ಪಾ,

ಹುಟ್ಟಿದ ದಿನವೇ ಬೀದಿಗೆಲ್ಲ ಕೇಳಿಸುವ ಹಾಗೆ ಅತ್ತೆ ಅಂತ ಅಪ್ಪ ನಿನಗೆ ಆ ಹೆಸರಿಟ್ಟರು. ಡಂಗುರಕ್ಕೆ ಸುಳ್ಳು ಹೇಳಲು ಬರುತ್ತದೆ ಅಂತ ಅವರಿಗೂ ಗೊತ್ತಿರಲಿಲ್ಲ.

ಶಾಯಿಯಂತೆ! ಒಂದು ಬಕೆಟ್ಟು, ಒಂದು ಒಗೆಯುವ ಕಲ್ಲಿನಿಂದ ಶುರು ಮಾಡಿ, ಈವತ್ತು ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ನನ್ನ ಲಾಂಡ್ರಿಗೇ ಬರುವ ಹಾಗೆ ಮಾಡಿಕೊಂಡವಳು ನಾನು. ಶಾಯಿ ಹರಡುತ್ತದೆ, ರಕ್ತ ಅಂಚು ಕಟ್ಟುತ್ತದೆ. ಬಲಗೈಯಲ್ಲಿ ಸುತ್ತಿಗೆ ಹಿಡಿದವನು ಮೂಗು ಒರೆಸುವುದು ಎಡತೋಳಿನಿಂದಲೇ. ಇಷ್ಟು ಕಂಡುಹಿಡಿಯಲು ಪತ್ತೇದಾರ ಬೇಕಾಗಿಲ್ಲ. ಅಪ್ಪನಿಗೂ ಒಣಹವೆಗೆ ಮೂಗಿನಿಂದ ರಕ್ತ ಬರುತ್ತಿತ್ತು, ಮರೆತೆಯಾ? ಮಲಗುವಾಗ ಮೂಗಿಗೆ ಎರಡು ಹನಿ ಎಣ್ಣೆ ಬಿಟ್ಟುಕೋ. ಇದಕ್ಕೆ ಸುಳ್ಳೇಕೆ?

ಕಲೆ ಹೋಗಿದೆ. ತಣ್ಣೀರು, ಉಪ್ಪು, ತಾಳ್ಮೆ. ಕೆಲಸಕ್ಕೆ ಹೊಸದಾಗಿ ಸೇರಿದವರು ರಕ್ತ ಕಂಡ ಕೂಡಲೇ ಗಾಬರಿಬಿದ್ದು ಬಿಸಿನೀರು ಹುಯ್ಯುತ್ತಾರೆ. ಬಿಸಿನೀರು ಬಿತ್ತೋ, ಮುಗಿಯಿತು. ಆ ಕಲೆ ಬಟ್ಟೆಯ ಜೊತೆಗೇ ಸಾಯಬೇಕು.

ಇನ್ನೊಂದು. ಕೋಟಿನ ಜೊತೆ ಕಳಿಸಿದ ಪ್ಯಾಂಟಿನ ಮೇಲೆ ಬೆಲ್ಟು ಹಿಡಿದ ಸುಕ್ಕು ಮೊದಲಿಗಿಂತ ಒಳಗೆ ಸರಿದಿದೆ. ಅಂತೂ ಅಕ್ಕನ ಮಾತು ಕೇಳಿ ಹೊಟ್ಟೆ ಕರಗಿಸಿದೆಯಲ್ಲ, ಭೇಷ್! ದರ್ಜಿಯ ಹತ್ತಿರ ಕೋಟಿನ ಸೊಂಟ ಹಿಡಿಸಿದ್ದೇನೆ. ಹಾಕಿಕೊಂಡು ನಿಂತರೆ ಮದುಮಗನ ಹಾಗೆ ಕಾಣಬೇಕು.

ಅಕ್ಕ

*

ಫೆಬ್ರವರಿ ೨೭

ಅಕ್ಕಾ,

ಕೋಟು ಮೈಗೆ ಎರಕ ಹುಯ್ದ ಹಾಗೆ ಕೂತಿದೆ. ಇನ್ನೂ ಸ್ವಲ್ಪ ಹಿಡಿಸಬಹುದು. ಕೇಳು, ನನ್ನ ತಲೆಯಲ್ಲಿ ಒಂದು ಯೋಚನೆ ಓಡುತ್ತಿದೆ, ಒಂದಲ್ಲ ಹತ್ತು. ನನ್ನದೇ ಹರಾಜು ಮನೆ ಮಾಡುತ್ತೇನೆ. ಪುಸ್ತಕದ್ದೇ ಒಂದು ದಿನ, ಗಾಜಿನ ಸಾಮಾನಿನದೇ ಒಂದು ದಿನ. ನೀನು ಲಾಂಡ್ರಿಯನ್ನು ಭಾವನಿಗೆ ಬಿಟ್ಟು ಇಲ್ಲಿಗೆ ಬಾ. ಇಲ್ಲ, ಬೇಡ, ಅಲ್ಲೇ ಇರು, ಅಲ್ಲೂ ಒಂದು ಹರಾಜು ಮನೆ ತೆರೆಯೋಣ. ಜನ ನಿದ್ದೆ ನಿದ್ದೆ ಅಂತ ಅರ್ಧ ಆಯಸ್ಸು ಕಳೆಯುತ್ತಾರೆ. ನನಗೆ ಅದರ ಹಂಗೇ ಇಲ್ಲ.

ಆದರೆ ನೀನು ಯಜಮಾನರಿಗೆ ಫೋನ್ ಮಾಡಿ, "ನಮ್ಮ ಹುಡುಗ ಸರಿಯಾಗಿ ಊಟ ಮಾಡ್ತಾನಾ?" ಅಂತ ಕೇಳಿದೆಯಂತೆ. ನಾನೇನು ಹಾಲುಗಲ್ಲದ ಕೂಸೇ? ಇಡೀ ಸಭೆಯ ಉಸಿರನ್ನು ಒಂದು ಸುತ್ತಿಗೆಯ ತುದಿಯಲ್ಲಿ ಹಿಡಿದು ನಿಲ್ಲಿಸುವವನು ನಾನು. ಇಲ್ಲಿ ನನ್ನ ಮೇಲೆ ಹೊಟ್ಟೆಕಿಚ್ಚಿನವರು ಬಹಳ. ಯಾರು ಏನು ಹೇಳಿದರೂ ನಂಬಬೇಡ.

ಕೋಟು ಕಳಿಸಿದ್ದೇನೆ. ಮತ್ತೆ ಅದೇ ಕಲೆ. ಒಣಹವೆ, ನೀನು ಹೇಳಿದ ಹಾಗೆ.

ಡಂಗುರ

*

ಮಾರ್ಚ್ ೧೧

ತಮ್ಮಾ,

ಯಾರೂ ಏನೂ ಹೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನಿನ್ನ ಕಾಗದ.

ಈಗ ನಡೆದದ್ದು ಕೇಳು. ಒಳಜೇಬಿನಲ್ಲಿ ಕಾಗದದ ಹಿಂದೆ ಉಗುರಿನಷ್ಟು ಒಂದು ಪ್ಲಾಸ್ಟಿಕ್ ಪೊಟ್ಟಣ ಸಿಕ್ಕಿತು. ಅದರ ಮೂಲೆಯಲ್ಲಿ ಚಿಟಿಕೆ ಬಿಳಿ ಪುಡಿ. ಬಟ್ಟೆ ಒಗೆಯುವ ಸೋಡಾ ಮಾರುವವರು ಮಾದರಿಗೆ ಕೊಡುವುದು ಇಂಥದೇ ಪೊಟ್ಟಣದಲ್ಲಿ. ಸುಣ್ಣ ಬೆರೆಸಿದ್ದಾರೋ ಇಲ್ಲವೋ ಅಂತ ನಾಲಿಗೆಯ ತುದಿಗಿಟ್ಟು ನೋಡುವುದು ನನಗೆ ಮೊದಲಿನಿಂದಲೂ ಅಂಟಿದ ಚಾಳಿ. ಬೇರೆ ಯಾರೂ ಹಾಗೆ ಮಾಡುವುದಿಲ್ಲ. ನಾನು ಮಾಡಿದೆ.

ಕಹಿ. ಆಮೇಲೆ ನಾಲಿಗೆ ಸತ್ತೇ ಹೋಯಿತು. ತುಟಿ ಎಲ್ಲಿದೆ ಅಂತ ಬೆರಳಿನಿಂದ ಮುಟ್ಟಿ ನೋಡಿಕೊಳ್ಳಬೇಕಾಯಿತು. ನಾನು ತೊದಲುವುದು ಕಂಡು ನಿನ್ನ ಭಾವ, "ಮದುವೆ ಆದ್ಮೇಲೆ ನೀನು ಸುಮ್ನೆ ಕೂತಿದ್ದು ಇದೇ ಮೊದ್ಲು ಕಣೇ. ಅದೇನು ಪುಡಿ, ಇನ್ನೊಂದಿಷ್ಟು ತರಿಸ್ಲಾ?" ಎಂದರು. ನಗು ಮುಗಿದ ಮೇಲೆ ಪೊಟ್ಟಣ ತೆಗೆದುಕೊಂಡು ಔಷಧಿ ಅಂಗಡಿಯವರ ಹತ್ತಿರ ಹೋದರು. ಹಿಂದಿರುಗಿದಾಗ ಅವರ ಮುಖದಲ್ಲಿ ನಗು ಇರಲಿಲ್ಲ. "ನಾಲಿಗೆ ಮರಗಟ್ಟಿತು ಅಂದ್ರೆ ಕೊಕೇನ್ ಇರಬಹುದು ಅಂದ್ರು. ಮೂಗಿಗೆ ಏರಿಸ್ತಾರಂತೆ. ಮೂಗಿನ ಒಳಗೆ ತೂತು ಬೀಳುತ್ತಂತೆ. ಹೃದಯ ಹಿಡ್ಕೊಳ್ಳುತ್ತಂತೆ" ಎಂದರು.

ಮೂಗಿನ ರಕ್ತ, ಕರಗಿದ ಸೊಂಟ, ಬಾರದ ನಿದ್ದೆ, ಹತ್ತು ಯೋಚನೆ. ಎಲ್ಲ ನನ್ನ ಕೈಯ ಮೇಲೆಯೇ ಹಾದುಹೋಯಿತು. ಒಂದೊಂದನ್ನೂ ಮುದ್ದಾಗಿ ಮಡಿಸಿ ವಾಪಸು ಕಳಿಸಿದೆ.

ಹೌದೋ ಅಲ್ಲವೋ? ಒಂದು ಪದ ಸಾಕು. ಈ ಸಲ ಕೋಟು ತೊಳೆದಿದ್ದೇನೆ.

ಅಕ್ಕ

*

ಮಾರ್ಚ್ ೨೪

ಅಕ್ಕಾ,

ಹೌದು. ಕೊಕೇನ್. ಬರೆದೆ ನೋಡು, ಕಾಗದ ಹೊತ್ತಿ ಉರಿಯಲಿಲ್ಲ.

ಈಗ ನನ್ನ ಸರದಿ. ನೀನು ಎಲ್ಲಿಯ ಚಿತ್ರ ಕಲ್ಪಿಸಿಕೊಂಡಿದ್ದೀಯೋ ಗೊತ್ತಿಲ್ಲ. ಹರಿದ ಬಟ್ಟೆ, ಸೇತುವೆಯ ಕೆಳಗೆ ಬಿದ್ದವನು. ನನಗೆ ಮೊದಲ ಸಲ ಇದನ್ನು ಕೊಟ್ಟವರು ಹರಾಜು ಮನೆಯ ಹಿಂದಿನ ಕೋಣೆಯಲ್ಲಿ, ಇನ್ನೂ ಮಾರಾಟವಾಗದಿದ್ದ ಬೆಳ್ಳಿ ಚೌಕಟ್ಟಿನ ಕನ್ನಡಿಯ ಮೇಲೆ ಎರಡು ಗೆರೆ ಎಳೆದು ಕೊಟ್ಟ ದೊಡ್ಡ ಮನುಷ್ಯರು. ಬೆಳಗಿನ ಹರಾಜು ಮುಗಿದು ಗಂಟಲು ಒಣಗಿ, ಸಂಜೆಯದಕ್ಕೆ ನಿಲ್ಲಲಾರದೆ ಕೂತಿದ್ದೆ. "ತಗೊಳ್ಳಪ್ಪ, ಕಾಫಿಯ ಅಣ್ಣ ಇದು" ಎಂದರು. ಅವತ್ತು ನಾನು ಕೂಗಿದ ಹಾಗೆ ಈ ಬೀದಿಯಲ್ಲಿ ಯಾರೂ ಕೂಗಿಲ್ಲ. ಯಜಮಾನರಿಗೆ ಗೊತ್ತಿಲ್ಲವೇ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ. ಇಲ್ಲಿ ಬೆಕ್ಕು ಕುಡಿಯುವಾಗ ಮನೆಯ ಯಜಮಾನನೇ ಕಣ್ಣು ಮುಚ್ಚಿಕೊಳ್ಳುತ್ತಾನೆ.

ನಾನು ಅದರ ಆಳಲ್ಲ, ಅದು ನನ್ನ ಆಳು. ಬೇಡವೆಂದ ದಿನ ಬಿಡುತ್ತೇನೆ. ಯಾವತ್ತು ಬೇಡ ಅಂತ ನಾನು ಹೇಳುತ್ತೇನೆ, ನೀನಲ್ಲ.

ಮುಂದಿನ ತಿಂಗಳ ಕೊನೆಗೆ ವರ್ಷದ ದೊಡ್ಡ ಹರಾಜು. ಕೋಟು ಕಳಿಸಿದ್ದೇನೆ, ಕಲೆ ದೊಡ್ಡದಿದೆ. ತೊಳೆದು ಕಳಿಸು. ಬುದ್ಧಿಮಾತಿಗೆ ಪಾರ್ಸೆಲಿನಲ್ಲಿ ಜಾಗವಿಲ್ಲ.

ತಮ್ಮ

*

ಏಪ್ರಿಲ್ ೨

ಕೋಟು ವಾಪಸು ಕಳಿಸಿದ್ದೇನೆ. ತೊಳೆದಿಲ್ಲ.

ನನ್ನ ಅಂಗಡಿಗೆ ಬಂದ ಬಟ್ಟೆ ಬಂದ ಹಾಗೇ ಹೊರಟದ್ದು ಇದೇ ಮೊದಲು. ಇಸ್ತ್ರಿ ಅಜ್ಜ, "ಏನಮ್ಮಾ, ಕೈಲಾಗ್ಲಿಲ್ವಾ?" ಎಂದು ಕೇಳಿದ. "ಆಗುತ್ತೆ, ಮಾಡಲ್ಲ" ಎಂದೆ.

ನಿನ್ನ ಮೈ ಕರಗಿದಷ್ಟೂ ನಾನು ಕೋಟು ಹಿಡಿಸುತ್ತ ಹೋದರೆ, ಕೊನೆಗೆ ಉಳಿಯುವುದು ಕೋಟು ಮಾತ್ರ. ನನಗೆ ಬೇಕಾದದ್ದು ತಮ್ಮ. ಬದುಕಿರುವ ತಮ್ಮ. ಬೇರೆ ಲಾಂಡ್ರಿ ನೋಡಿಕೋ, ನಿನ್ನಿಷ್ಟ. ಬಾಗಿಲು ಮಾತ್ರ ತೆರೆದೇ ಇದೆ.

*

ಜೂನ್ ೮

ಅಕ್ಕಾ,

ಈ ಸಲ ಕಾಗದ ಜೇಬಿನಲ್ಲಿ ಬಂದಿಲ್ಲ, ಅಂಚೆಯಲ್ಲಿ ಬಂದಿದೆ. ಕೋಟು ನನ್ನ ಪಕ್ಕದ ಕುರ್ಚಿಯ ಮೇಲಿದೆ. ನಾನು ಆಸ್ಪತ್ರೆಯ ಮಂಚದ ಮೇಲಿದ್ದೇನೆ. ಕೂಗಾಡಬೇಡ, ಬದುಕಿದ್ದೇನೆ.

ಬೇರೆ ಲಾಂಡ್ರಿಗೆ ಕೊಡಲಿಲ್ಲ. ಕೋಪಕ್ಕೆ ಕೊಡಲಿಲ್ಲವೋ, ನೀನೇ ಸೋತು ತರಿಸಿಕೊಳ್ಳುತ್ತೀಯ ಅಂತಲೋ, ನನಗೇ ತಿಳಿಯದು. ದೊಡ್ಡ ಹರಾಜಿಗೆ ಅದನ್ನೇ ಹಾಕಿಕೊಂಡು, ಎಡಗೈಯನ್ನು ಬೆನ್ನ ಹಿಂದೆ ಕಟ್ಟಿ ಕೂಗಿದೆ. ಆಮೇಲಿನ ಹರಾಜುಗಳಲ್ಲೂ ಹಾಗೇ. ಗಿರಾಕಿಗಳು ಹೊಸ ಶೈಲಿ ಅಂದುಕೊಂಡರು. ಒಬ್ಬ ಮರಿ ಹರಾಜುಗಾರ ನನ್ನನ್ನು ನೋಡಿ ತಾನೂ ಕೈ ಹಿಂದೆ ಕಟ್ಟಲು ಶುರು ಮಾಡಿದ!

ಕಳೆದ ವಾರ ಒಂದು ಪಿಯಾನೋ ಕೂಗುತ್ತಿದ್ದೆ. "ಒಂದು ಸಲ" ಎಂದೆ. "ಎರಡು ಸಲ" ಎಂದೆ. ಮೂರನೆಯದು ಬರಲಿಲ್ಲ. ಎದೆಯ ಮೇಲೆ ಆ ಪಿಯಾನೋವನ್ನೇ ಇಳಿಸಿದ ಹಾಗಾಯಿತು.

ಆಸ್ಪತ್ರೆಗೆ ಬಂದ ಯಜಮಾನರು ವೈದ್ಯರ ಎದುರಿಗೇ, "ಬಿಸಿಲು ಸ್ವಾಮಿ, ಆಯಾಸ, ಅಷ್ಟೇ" ಎಂದರು. ನಾನೂ ತಲೆಯಾಡಿಸಿದೆ. ಅವರು ಹೋದ ಮೇಲೆ ನರ್ಸಮ್ಮ ಕುರ್ಚಿಯ ಮೇಲಿದ್ದ ಕೋಟಿನ ತೋಳನ್ನು ಎತ್ತಿ ನೋಡಿದರು.

"ಇದೇನು?"

"ಶಾಯಿ."

"ಶಾಯಿ ಹೀಗೆ ಕಂದು ತಿರುಗಲ್ಲ. ನಾನು ಪೊಲೀಸ್ ಅಲ್ಲಪ್ಪ. ಎದೆನೋವಿಗೆ ಕೊಡೋ ಒಂದು ಔಷಧಿ ಕೊಕೇನ್ ತಗೊಂಡವ್ರಿಗೆ ತಿರುಗಿ ಹೊಡೀಬಹುದು. ಈಗ ಹೇಳು. ನಾಚಿಕೆಪಡೋಕೆ ಆಮೇಲೆ ಟೈಮಿದೆ."

ಹೇಳಿದೆ. ಔಷಧಿ ಬದಲಾಯಿತು. ಹೃದಯಕ್ಕೆ ರಕ್ತ ಒಯ್ಯುವ ನಾಳ ಮುಷ್ಟಿ ಹಿಡಿದ ಹಾಗೆ ಬಿಗಿದುಕೊಂಡಿತ್ತಂತೆ. ಇನ್ನೊಮ್ಮೆ ಪುಡಿ ಏರಿಸಿ ಇನ್ನೊಮ್ಮೆ ಹೀಗಾದರೆ ಬಿಚ್ಚದೆಯೂ ಇರಬಹುದು ಎಂದರು ವೈದ್ಯರು.

ನೀನು ತೊಳೆದಿದ್ದರೆ ನಾನು ಶುಭ್ರವಾಗಿ ಸಾಯುತ್ತಿದ್ದೆ, ಅಕ್ಕಾ.

ಡಂಗುರ

*

ಜೂನ್ ೧೫

ಡಂಗುರಾ,

ನಿನ್ನ ಕಾಗದ ಓದಿ ನಾನು ಅಳಲಿಲ್ಲ. ನಿನ್ನ ಭಾವ ಅತ್ತರು, ನಾನು ಅವರ ಕರವಸ್ತ್ರ ಒಗೆದೆ.

ನೆರೆಯವರು, ನೆಂಟರು ಬಂದರು. "ಏನಂತೆ ತಮ್ಮನಿಗೆ?" ನಿನ್ನ ಭಾವ, "ಬಿಸಿಲು..." ಅಂತ ಬಾಯಿ ತೆರೆದರು. ನಾನು ನಡುವೆ ಬಾಯಿ ಹಾಕಿ, "ಕೊಕೇನ್ ಚಟ. ಕಾಯಿಲೆ. ಹೃದಯಕ್ಕೆ ತಾಗಿದೆ, ಆಸ್ಪತ್ರೆಯಲ್ಲಿದ್ದಾನೆ" ಎಂದೆ. ಚಿಕ್ಕಮ್ಮ ಕಾಫಿ ಲೋಟ ಹಿಡಿದವರು ಕೆಳಗಿಡಲೂ ಇಲ್ಲ, ಕುಡಿಯಲೂ ಇಲ್ಲ. "ಮೆಲ್ಲಗೆ ಹೇಳೇ, ಮನೆತನದ ಮಾತು" ಎಂದರು. "ಮೆಲ್ಲಗೆ ಹೇಳಿದ್ದಕ್ಕೇ ಅವನು ಅಲ್ಲಿವರೆಗೂ ಹೋಗಿದ್ದು ಚಿಕ್ಕಮ್ಮಾ. ಕೆಮ್ಮಿದ್ರೆ ಡಾಕ್ಟ್ರು, ಇದಕ್ಕೆ ಪಿಸುಮಾತಾ?" ಎಂದೆ. ಒಂದು ಹೋಟೆಲಿನವರು ಬಟ್ಟೆ ಕಳಿಸುವುದು ನಿಲ್ಲಿಸಿದ್ದಾರೆ. ನಿಲ್ಲಿಸಲಿ. ಅವರ ಹಾಸಿಗೆಗಳ ಕಥೆ ನಾನು ಹೇಳಲು ಶುರು ಮಾಡಿದರೆ ಅವರು ಊರು ಬಿಡಬೇಕಾಗುತ್ತದೆ.

ನಾನು ಬರಲಾ? ಬೇಡವೆಂದರೂ ಬರುತ್ತೇನೆ. ಆದರೂ ಕೇಳಿದ್ದೇನೆ ನೋಡು, ಮರ್ಯಾದೆಗೆ.

ಅಕ್ಕ

*

ಆಗಸ್ಟ್ ೧೯

ಅಕ್ಕಾ,

ನೀನು ಬಂದು ಹೋದ ಮೇಲೆ ಕೋಣೆಯ ಪರದೆಗಳೂ ಮಡಿಕೆ ಮುರಿಯಲು ಹೆದರುತ್ತಿವೆ.

ಚಟ ಬಿಡಿಸಿಕೊಳ್ಳಲು ನಾನು ಹೋಗುತ್ತಿರುವ ಚಿಕಿತ್ಸಾ ಕೇಂದ್ರದ ಸುದ್ದಿ ಹೇಳುತ್ತೇನೆ. ಅದು ಇರುವುದು ನಮ್ಮ ಹರಾಜು ಮನೆಯ ಎದುರು ಸಾಲಿನಲ್ಲಿ, ಚಪ್ಪಲಿ ಅಂಗಡಿಯ ಮೇಲೆ. ಆಸ್ಪತ್ರೆಯ ನರ್ಸಮ್ಮನೇ ಅಲ್ಲೂ ಇದ್ದಾರೆ. ಕೊಕೇನ್ ಬಿಡಿಸಲು ಇಂಥದೇ ಮಾತ್ರೆ ಅಂತ ಇನ್ನೂ ಇಲ್ಲವಂತೆ. ಮಾತೇ ಮದ್ದು. ಮಾತು ಮಾರಿ ಬದುಕಿದವನಿಗೆ ಇದು ಸುಲಭ ಅಂದುಕೊಂಡೆ. ಕೊಳ್ಳುವವರಿಲ್ಲದ ಕಡೆ ಮಾತಾಡುವುದು ಎಷ್ಟು ಕಷ್ಟ ಅಂತ ಈಗ ಗೊತ್ತಾಯಿತು.

ಜೊತೆಗೆ ಒಂದು ತಮಾಷೆ. ವಾರಕ್ಕೆರಡು ಸಲ ಮೂತ್ರ ಪರೀಕ್ಷೆ. ಶುದ್ಧವಿದ್ದರೆ ಗಾಜಿನ ಬೋಗುಣಿಯಿಂದ ಚೀಟಿ ಎತ್ತಬೇಕು. ಒಂದರಲ್ಲಿ ಸಾಬೂನು, ಒಂದರಲ್ಲಿ ಟವೆಲು, ಅರ್ಧಕ್ಕರ್ಧ ಚೀಟಿಗಳಲ್ಲಿ ಬರೀ 'ಶಹಬ್ಬಾಸ್'. ಪಿಯಾನೋ ಮಾರಿದವನು ಸಾಬೂನಿನ ಚೀಟಿಗಾಗಿ ಬೋಗುಣಿಯ ತಳದವರೆಗೆ ತಡಕುತ್ತೇನೆ. ನಗು ಬಂದರೂ, ಅದು ಕೆಲಸ ಮಾಡುತ್ತದೆ. ಪುಡಿ ಆ ಕ್ಷಣಕ್ಕೇ ಕೊಡುತ್ತಿತ್ತು. ಬಿಟ್ಟದ್ದಕ್ಕೂ ಆ ಕ್ಷಣಕ್ಕೇ ಏನಾದರೂ ಸಿಗಬೇಕು ಎನ್ನುತ್ತಾರೆ ನರ್ಸಮ್ಮ.

ನಿನಗೆ ಹೇಳದ ಒಂದು ಮಾತಿದೆ. ಜುಲೈಯಲ್ಲಿ ಒಂದು ಸಲ ಜಾರಿದೆ. ಹಳೆಯ ಗಿರಾಕಿಯೊಬ್ಬರು ಸಿಕ್ಕರು, ಅಷ್ಟೇ. ಮರುದಿನ ಕೇಂದ್ರದ ಮೆಟ್ಟಿಲ ಕೆಳಗೇ ನಿಂತಿದ್ದೆ. ನರ್ಸಮ್ಮ ಕಿಟಕಿಯಿಂದ, "ಜಾರಿದವ್ರಿಗೇ ಇರೋದು ಈ ಮೆಟ್ಲು, ಹತ್ತು" ಎಂದರು. ಹತ್ತಿದೆ.

ಈಗ ಯಜಮಾನರು ಕೆಲಸಕ್ಕೆ ವಾಪಸು ಕರೆದಿದ್ದಾರೆ. ಒಂದೇ ಷರತ್ತು: ಕೇಳಿದವರಿಗೆ 'ಬಿಸಿಲು' ಅನ್ನಬೇಕು. ಬೀದಿಯ ಅಂಗಡಿಯವರನ್ನೆಲ್ಲ ಸೇರಿಸಿ ಕೇಂದ್ರ ಮುಚ್ಚಿಸಬೇಕೆಂದು ನಗರಸಭೆಗೆ ಅರ್ಜಿ ಕೊಟ್ಟವರೂ ಅವರೇ. 'ಚಟಗಾರರಿಗೆ ಬಹುಮಾನ' ಅಂತ ಅವರ ಕೂಗು. ಮುಂದಿನ ವಾರದ ಕೊನೆಗೆ ಎರಡೂ ಕಡೆಯವರ ಮಾತು ಕೇಳುತ್ತಾರಂತೆ. ಆ ಮೆಟ್ಟಿಲಿಲ್ಲದಿದ್ದರೆ ಮುಂದಿನ ಸಲ ನಾನು ಎಲ್ಲಿ ಹತ್ತಲಿ?

ಸಭೆಗೆ ಹೋಗಲು ಕೋಟು ತೊಳೆದುಕೊಡುತ್ತೀಯಾ?

ತಮ್ಮ

*

ಆಗಸ್ಟ್ ೨೫

ತಮ್ಮಾ,

ಜಾರಿದ್ದನ್ನು ನಾನು ಕೇಳದೆಯೇ ಬರೆದೆ. ಅದಕ್ಕೆ ನನ್ನ ಕಡೆಯಿಂದ ಒಂದು ಶಹಬ್ಬಾಸ್. ಟವೆಲು ಗೆದ್ದರೆ ಮಾತ್ರ ಇಲ್ಲಿಗೆ ಕಳಿಸು, ಗುಣ ಪರೀಕ್ಷೆ ಮಾಡುತ್ತೇನೆ. ಬಹುಮಾನದ ಟವೆಲನ್ನು ನಾನು ನಂಬುವುದಿಲ್ಲ.

ಕೋಟು ಕಳಿಸಿದರೆ ತೊಳೆಯುತ್ತೇನೆ. ಹಳೆಯ ಕಲೆಯಾದರೂ ಬಿಸಿ ತಾಗಿಲ್ಲ, ಬಿಡಬಹುದು. ಆದರೆ ತೊಳೆದ ಕೋಟು ಹಾಕಿಕೊಂಡು ನೀನು ಆ ಸಭೆಯಲ್ಲಿ ಏನು ಹೇಳುತ್ತೀಯ? ಮೊದಲು ಅದನ್ನು ಯೋಚಿಸು. ಯಾವತ್ತು ಬೇಡ ಅಂತ ನೀನೇ ಹೇಳುವವನಲ್ಲವೇ? ಹೇಳು, ನೋಡೋಣ.

ಅಕ್ಕ

*

ಸೆಪ್ಟೆಂಬರ್ ೪

ಅಕ್ಕಾ,

ಕೋಟು ಕಳಿಸಿದ್ದೇನೆ. ಜೇಬು ನೋಡಿದೆಯಲ್ಲ, ಓದು.

ಸಭೆಯ ದಿನ ಬೆಳಗ್ಗೆ ಒಂದು ಪಾತ್ರೆಯಲ್ಲಿ ನೀರು ಕುದಿಸಿದೆ. ಎಡತೋಳನ್ನು ಬಚ್ಚಲಿನ ಅಂಚಿನ ಮೇಲಿಟ್ಟು ಪೂರ್ತಿ ಹುಯ್ದೆ. ನಿನ್ನ ಅಂಗಡಿಯ ಹೊಸಬರು ಗಾಬರಿಯಲ್ಲಿ ಮಾಡುವುದನ್ನು ನಾನು ಬೇಕಂತಲೇ ಮಾಡಿದೆ. ಕಲೆ ಕಂದುಗಟ್ಟಿ ಕೂತಿತು. ಒಣಗಿಸಿ, ಹಾಕಿಕೊಂಡು ಹೋದೆ.

ಯಜಮಾನರು ಮೊದಲು ಮಾತಾಡಿದರು. "ನಮ್ಮದು ಮರ್ಯಾದಸ್ಥರ ಬೀದಿ. ತಾವಾಗಿ ಮೂಗಿಗೇರಿಸ್ಕೊಂಡವ್ರಿಗೆ ಇಲ್ಲಿ ಉಡುಗೊರೆ ಕೊಡೋದಾ? ಮಾಡಿದ್ದುಣ್ಲಿ." ಬಹಳ ಜನ ಮೇಜು ತಟ್ಟಿದರು. ನರ್ಸಮ್ಮ ಎದ್ದು, ಎದೆ ಹಿಡಿದುಕೊಂಡು ಬಂದವರಲ್ಲಿ ತಾನೇ ಎಷ್ಟೋ ಜನರನ್ನು ಕಳೆದುಕೊಂಡದ್ದನ್ನು ಹೇಳಿದರು. ಯಾರೂ ತಟ್ಟಲಿಲ್ಲ.

ಆಮೇಲೆ ನಾನು ಎದ್ದೆ. ಬೆನ್ನ ಹಿಂದಿದ್ದ ಎಡಗೈಯನ್ನು ಮುಂದೆ ತಂದು ಮೇಲೆತ್ತಿದೆ. ಅಭ್ಯಾಸಬಲ, ಗಂಟಲು ತಾನಾಗಿ ಹರಾಜಿನ ಶ್ರುತಿಗೆ ಬಂತು.

"ಸ್ವಾಮೀ, ಈ ತೋಳಿನ ಮೇಲಿರೋದನ್ನ ಏನಂತ ಕರೀತೀರಿ? ಯಜಮಾನರು ಬಿಸಿಲು ಅಂತಾರೆ. ಬಿಸಿಲಿಗಿಂತ ಮೇಲೆ ಯಾರು ಕೂಗ್ತೀರಿ? ಅಲ್ಲಿ, ಹಿಂದೆ?"

ಹಿಂದಿನಿಂದ ಯಾರೋ ಮುದುಕರು, "ಕೊಬ್ಬು!" ಎಂದರು. ನಗು.

"ಕೊಬ್ಬು ಅಂತ ಬಂತು! ಕೊಬ್ಬಿಗಿಂತ ಮೇಲೆ?"

"ಪಾಪ!" "ಹಣೆಬರಹ!" ಒಂದೊಂದನ್ನೂ ನಾನು ಕೂಗಿದೆ, ಅಕ್ಕಾ, ಬೆಳ್ಳಿಯ ಸಾಮಾನು ಕೂಗುವ ಹಾಗೆ. ಆಗ ಮೂರನೆಯ ಸಾಲಿನಲ್ಲಿ, ಎದುರು ಸಾಲಿನ ಬಟ್ಟೆ ಅಂಗಡಿಯ ಹೆಂಗಸು ಎದ್ದರು. ಅರ್ಜಿಗೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ಮೆಲ್ಲಗೆ, "ಕಾಯಿಲೆ. ನನ್ನ ಮಗನಿಗೂ ಇದೆ" ಎಂದರು.

ಎತ್ತಿದ ತೋಳನ್ನು ಅವರ ಕಡೆಗೆ ತಿರುಗಿಸಿದೆ.

"ಕಾಯಿಲೆ," ಎಂದೆ. "ಒಂದು ಸಲ. ನನಗೆ ಮೊದಲ ಗೆರೆ ಎಳೆದುಕೊಟ್ಟವರು ಈ ಸಭೆಯಲ್ಲೇ ಕೂತಿದ್ದಾರೆ. ಹೆಸರು ಹೇಳಲ್ಲ. ಹೇಳಿದ್ರೆ ನಾಳೆ ಅವ್ರು ಆ ಮೆಟ್ಟಿಲು ಹತ್ತಲ್ಲ, ಹತ್ಬೇಕು. ಎರಡು ಸಲ. ಯಜಮಾನ್ರೇ, ನಿಮ್ಮ ಕೆಲಸ ನಿಮಗೇ ಇರಲಿ, ನಾನು ಬಿಸಿಲು ಅನ್ನಲ್ಲ."

ಪಿಯಾನೋದ ದಿನ ನನ್ನ ಮಾತು ನಿಂತುಹೋದ 'ಎರಡು ಸಲ'ಕ್ಕೇ ಮತ್ತೆ ಬಂದು ನಿಂತಿದ್ದೆ. ಎದೆ ಹೊಡೆದುಕೊಳ್ಳುತ್ತಿತ್ತು. ಹೊಡೆದುಕೊಳ್ಳಲಿ, ಅದಕ್ಕೇ ಇರುವುದು ಅದು.

"ಮೂರು ಸಲ!" ಎಂದು ಅಂಗೈಯನ್ನೇ ಮೇಜಿಗೆ ಬಡಿದೆ.

ಕೇಂದ್ರವನ್ನು ಸದ್ಯಕ್ಕೆ ಮುಚ್ಚುವುದಿಲ್ಲವಂತೆ, ಬರುವ ವರ್ಷ ಮತ್ತೆ ನೋಡುತ್ತಾರಂತೆ. ನೋಡಲಿ, ಮತ್ತೆ ಹೋಗುತ್ತೇನೆ. ಕೆಲಸ ಹೋಯಿತು. ಈಗ ತರಕಾರಿ ಸಗಟು ಮಂಡಿಯಲ್ಲಿ ಟೊಮೆಟೊ ಕೂಗುತ್ತೇನೆ. ಅಲ್ಲಿ ಕೋಟಿನ ಅಗತ್ಯವಿಲ್ಲ. ಆದರೂ ಹಾಕಿಕೊಳ್ಳುತ್ತೇನೆ. ಕೇಳಿದವರಿಗೆ ಹೇಳುತ್ತೇನೆ. ಇಬ್ಬರು ಲೋಡು ಇಳಿಸುವವರು ಕೇಂದ್ರ ಎಲ್ಲಿದೆ ಅಂತ ವಿಚಾರಿಸಿದ್ದಾರೆ.

ಉಳಿದ ಕೊಳೆ ತೆಗೆ. ತೋಳು ಮುಟ್ಟಬೇಡ.

ಡಂಗುರ

*

ಸೆಪ್ಟೆಂಬರ್ ೧೩

ಡಂಗುರಾ,

ಕೋಟು ಬಂತು. ಇಸ್ತ್ರಿ ಅಜ್ಜ ತೋಳು ನೋಡಿ, "ಅಯ್ಯೋ, ಯಾವ ದಡ್ಡ ಬಿಸಿನೀರು ಹುಯ್ದ?" ಎಂದು ಬಯ್ದ. "ನನ್ನ ತಮ್ಮ" ಎಂದೆ, ಅಂಗಡಿಗೆಲ್ಲ ಕೇಳಿಸುವ ಹಾಗೆ.

ಕಾಲರು, ಜೇಬು, ಬೆನ್ನು ತೊಳೆದಿದ್ದೇನೆ. ಟೊಮೆಟೊ ರಸ ಹೋಗಿದೆ. ತೋಳಿನ ಕಲೆಯ ಮೇಲೆ ನಾನೇ ನಿಂತು ಬಿಸಿ ಇಸ್ತ್ರಿ ಎಳೆದಿದ್ದೇನೆ. ಇನ್ನು ಅದನ್ನು ಯಾವ ಲಾಂಡ್ರಿಯವರೂ ತೆಗೆಯಲಾರರು, ನಾನೂ ಸೇರಿ.

ಹಿಡಿಸಿದ್ದ ಸೊಂಟದ ಹೊಲಿಗೆಯನ್ನೆಲ್ಲ ಬಿಚ್ಚಿಸಿದ್ದೇನೆ. ಈಗ ಹಾಕಿಕೊಂಡರೆ ದೊಗಳೆಯಾಗುತ್ತದೆ, ಜನ ನಗುತ್ತಾರೆ. ನಗಲಿ. ಬಟ್ಟೆ ಅಲ್ಲಿದೆ, ತುಂಬಿಕೊಳ್ಳುವುದು ನಿನ್ನ ಕೆಲಸ.

ಅಕ್ಕ